ಒಂದೇ ಲಕೋಟೆ, ಎರಡು ದೇಶದ ಸ್ಟಾಂಪ್: ಕೊಲಂಬಿಯಾದ ಸ್ಕಾಡ್ಟಾ ಬಗ್ಗೆ ಗೊತ್ತಿದ್ದವರು ತಿಳಿಸಿ

ಹಳೇಲಕೋಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ವಿಮಾನಗಳ ಹುಚ್ಚು ಮೊದಲಿನಿಂದಲೂ ಇದೆ, ಸ್ಟಾಂಪ್ ಸಂಗ್ರಹ ಮಾತ್ರ ಹೊಸದು. ಹೋದ ತಿಂಗಳು ಹರಾಜಿನಲ್ಲಿ ಹಳೆಯ ಲಕೋಟೆಗಳ ಒಂದು ಕಟ್ಟು ಕೊಂಡೆ. ಅದರಲ್ಲಿ ಒಂದು ಲಕೋಟೆ ತಲೆಯಿಂದ ಹೋಗುತ್ತಲೇ ಇಲ್ಲ.

ಮುಂದುಗಡೆ ಬಲಮೂಲೆಯಲ್ಲಿ ಜರ್ಮನಿಯ ಸ್ಟಾಂಪ್ ಇದೆ. ಅದರ ಮೇಲೆ ಹ್ಯಾಂಬರ್ಗ್ ಮುದ್ರೆ, 4 ಮಾರ್ಚ್ 1924. ಎಡಗಡೆ ಬೇರೆಯದೇ ಒಂದು ಸ್ಟಾಂಪ್. ಒಂದು ನದಿ, ಮೇಲೆ ಹಾರುತ್ತಿರುವ ಪುಟ್ಟ ವಿಮಾನ. ಬೆಲೆ ಸೆಂಟಾವೊ ಲೆಕ್ಕದಲ್ಲಿದೆ, ಕೊಲಂಬಿಯಾ ಅಂತ ಬರೆದಿದೆ. ಆ ಚಿತ್ರದ ಮೇಲೆ ರೋಮನ್ ಲಿಪಿಯ ‘ಎ’ ಅಕ್ಷರವನ್ನು ದಪ್ಪಗೆ ಒತ್ತಿದ್ದಾರೆ. ಇದರ ಮೇಲೆ ಹ್ಯಾಂಬರ್ಗ್ ಮುದ್ರೆ ಇಲ್ಲ, ಬೇರೆ ಒಂದು ಗುಂಡು ಮುದ್ರೆ ಇದೆ. ಅದರಲ್ಲಿ ‘ಸ್ಕಾಡ್ಟಾ’ ಅನ್ನುವುದು ಮಾತ್ರ ಓದಲು ಸಿಗುತ್ತದೆ. ವಿಳಾಸ ಬೊಗೊಟಾದ ಒಂದು ವ್ಯಾಪಾರದ ಅಂಗಡಿಯದು.

ನನ್ನ ಪ್ರಶ್ನೆಗಳು ಇಷ್ಟು. ಜರ್ಮನಿಯಲ್ಲಿ ಹಾಕಿದ ಕಾಗದಕ್ಕೆ ಕೊಲಂಬಿಯಾದ ಸ್ಟಾಂಪ್ ಯಾಕೆ ಬಂತು? ‘ಎ’ ಅಂದರೆ ಏನು? ಈ ಕಾಗದ 1924ರಲ್ಲಿ ಜರ್ಮನಿಯಿಂದಲೇ ಹಾರಿ ಹೋಯಿತಾ? ಇನ್ನೂ ಒಂದು. ಸ್ಕಾಡ್ಟಾ ವಿಮಾನ ಕಂಪನಿ ಅಂತ ಓದಿದೆ. ಒಂದು ವಿಮಾನ ಕಂಪನಿ ತನ್ನದೇ ಸ್ಟಾಂಪ್ ಹೇಗೆ ಅಚ್ಚು ಹಾಕಿಸಿತು? ಅದು ಸರ್ಕಾರದ ಕೆಲಸ ಅಲ್ವಾ?

ಸಾರ್ಟರಮ್ಮ ಬರೆದದ್ದು:

ನಿಮ್ಮ ಲಕೋಟೆಯ ವಿವರ ಓದಿ ತುಂಬಾ ಖುಷಿಯಾಯಿತು. ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಒಂದೇ ಒಂದು ಕಂಪನಿಯ ಲಕೋಟೆಗಳನ್ನು ಕೂಡಿಸುತ್ತಾ ಬಂದಿದ್ದೇನೆ. ಅದು ಸ್ಕಾಡ್ಟಾ. ಯಾಕೆ ಅಂತ ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ: ಇದು ಅಂಚೆಯವರ ಮನಸ್ಸಿದ್ದ ವಿಮಾನ ಕಂಪನಿ. ಕಾಗದ ಇಲ್ಲದಿದ್ದರೆ ಇದು ಬದುಕುತ್ತಲೇ ಇರಲಿಲ್ಲ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕಾಗದ ಜರ್ಮನಿಯಿಂದ ಹಾರಿಲ್ಲ. 1924ರಲ್ಲಿ ಅಟ್ಲಾಂಟಿಕ್ ದಾಟುವ ಅಂಚೆ ವಿಮಾನವೇ ಇರಲಿಲ್ಲ. ಅದು ಹಡಗಿನಲ್ಲಿ ಹೋಯಿತು. ಹಾರಿದ್ದು ಕೊಲಂಬಿಯಾದ ಒಳಗೆ ಮಾತ್ರ. ಆ ಒಳಗಿನ ದಾರಿ ಎಷ್ಟು ಕಷ್ಟದ್ದು ಅಂತ ತಿಳಿದರೆ ಉಳಿದ ಎಲ್ಲ ಪ್ರಶ್ನೆಗೂ ಉತ್ತರ ತಾನಾಗಿ ಬರುತ್ತದೆ.

ಕೊಲಂಬಿಯಾದ ನಕ್ಷೆ ತೆಗೆದುಕೊಳ್ಳಿ. ರಾಜಧಾನಿ ಬೊಗೊಟಾ ಬೆಟ್ಟಗಳ ನಡುವೆ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಸಮುದ್ರದ ಕಡೆಯ ವ್ಯಾಪಾರದ ಊರು ಬರಾಂಕಿಯಾ. ಇವೆರಡರ ನಡುವೆ ಆಗ ನೆಟ್ಟಗಿನ ರಸ್ತೆಯೂ ಇಲ್ಲ, ಪೂರ್ತಿ ರೈಲೂ ಇಲ್ಲ. ಇದ್ದದ್ದು ಮಗ್ದಲೆನಾ ನದಿ ಒಂದೇ. ಜನ, ಕಾಫಿ, ಪಿಯಾನೊ, ಕಾಗದ ಎಲ್ಲವೂ ಸ್ಟೀಮರ್ ಹತ್ತಿ ನದಿಯ ಮೇಲೆ ಹೋಗಬೇಕು. ನೀರು ಚೆನ್ನಾಗಿದ್ದರೆ ಮೇಲಕ್ಕೆ ಹೋಗಲು ಒಂದು ವಾರ, ಹತ್ತು ದಿನ. ಬೇಸಿಗೆಯಲ್ಲಿ ನೀರು ಇಳಿಯಿತೋ, ಸ್ಟೀಮರ್ ಮರಳ ದಿಬ್ಬಕ್ಕೆ ಸಿಕ್ಕಿ ನಿಲ್ಲುತ್ತದೆ. ಮೇಲೆ ಎಲ್ಲೋ ಮಳೆಯಾಗಿ ನೀರು ಏರುವ ತನಕ ಕಾಯಬೇಕು. ಹಾಗೆ ತಿಂಗಳುಗಟ್ಟಲೆ ಹಿಡಿದ ಪ್ರಯಾಣಗಳೂ ಇವೆ. ಸಾಲದ್ದಕ್ಕೆ ಓಂದಾ ಎಂಬ ಊರಿನ ಹತ್ತಿರ ನದಿ ಬಂಡೆಗಳ ಮೇಲೆ ರಭಸವಾಗಿ ಇಳಿಯುತ್ತದೆ. ದೊಡ್ಡ ಸ್ಟೀಮರ್ ಅಲ್ಲಿ ಹತ್ತುವುದಿಲ್ಲ. ಅದಕ್ಕೆ ಸ್ವಲ್ಪ ಕೆಳಗೆ ಲಾ ದೊರಾದಾದಲ್ಲಿ ಇಳಿದು, ರೈಲಿನಲ್ಲಿ ಆ ಜಾಗ ದಾಟಿ, ಮತ್ತೆ ಬೇರೆ ದೋಣಿ. ಕೊನೆಗೆ ಹಿರಾರ್ದೋ ಎಂಬ ಊರಿನಿಂದ ಬೆಟ್ಟ ಹತ್ತುವ ರೈಲು.

ಬ್ಯಾಂಕಿನ ಹುಂಡಿ, ಸರಕಿನ ಪಟ್ಟಿ, ಕಾಫಿಯ ದರ ಎಲ್ಲ ಈ ದಾರಿಯಲ್ಲೇ ಹೋಗಬೇಕಿತ್ತು. ಸರಕು ಮುಟ್ಟಿ, ಅದರ ಕಾಗದ ಮುಟ್ಟದಿದ್ದರೆ ವ್ಯಾಪಾರಿಯ ಗತಿ ಏನು, ಯೋಚಿಸಿ.

ಈ ಕಷ್ಟ ಬಲ್ಲ ಬರಾಂಕಿಯಾದ ಕೆಲವು ಕೊಲಂಬಿಯನ್ ಮತ್ತು ಜರ್ಮನ್ ವ್ಯಾಪಾರಿಗಳು 1919ರ ಡಿಸೆಂಬರ್ 5ರಂದು ಕಂಪನಿ ಕಟ್ಟಿದರು. ಹೆಸರು ಉದ್ದ: ಸೊಸಿಯೆದಾದ್ ಕೊಲೊಂಬೊ ಅಲೆಮಾನಾ ದೆ ಟ್ರಾನ್ಸ್‌ಪೋರ್ತೆಸ್ ಅಯೆರೆಯೊಸ್. ಕೊಲಂಬಿಯಾ ಮತ್ತು ಜರ್ಮನಿಯವರು ಸೇರಿದ ವಿಮಾನ ಸಾರಿಗೆ ಸಂಘ ಅಂತ ಅರ್ಥ. ಮೊದಲಕ್ಷರ ಸೇರಿಸಿದರೆ ಸ್ಕಾಡ್ಟಾ. ಮೊದಲ ಅಧ್ಯಕ್ಷ ಎರ್ನೆಸ್ಟೊ ಕೊರ್ಟಿಸೊಸ್. ವಿಮಾನಗಳು ಜರ್ಮನಿಯ ಯುಂಕರ್ಸ್ ಎಫ್13, ಚಕ್ರದ ಬದಲು ದೋಣಿಯಂಥ ಫ್ಲೋಟ್ ಹಾಕಿದವು. ನಿಲ್ದಾಣ ಕಟ್ಟುವ ಖರ್ಚೇ ಇಲ್ಲ. ನದಿಯೇ ರನ್‌ವೇ. ಸ್ಟೀಮರ್ ವಾರಗಟ್ಟಲೆ ಹೋಗುತ್ತಿದ್ದ ಸುಮಾರು ಸಾವಿರ ಕಿಲೋಮೀಟರ್ ದಾರಿಯನ್ನು ವಿಮಾನ ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿತ್ತು. 1920ರಲ್ಲಿ ಪ್ರಯೋಗದ ಹಾರಾಟ ನಡೆಯಿತು, 1921ರಲ್ಲಿ ಬರಾಂಕಿಯಾ–ಹಿರಾರ್ದೋ ಸೇವೆ ಕ್ರಮವಾಗಿ ಶುರುವಾಯಿತು.

ಈಗ ನಿಮ್ಮ ಸ್ಟಾಂಪಿಗೆ ಬರೋಣ. ಕೊಲಂಬಿಯಾ ಸರ್ಕಾರ ವಿಮಾನ ಅಂಚೆಯ ಕೆಲಸವನ್ನೇ ಈ ಕಂಪನಿಗೆ ವಹಿಸಿತು. ಕಾಗದ ಸ್ವೀಕರಿಸುವ ಕಚೇರಿ ಕಂಪನಿಯದು, ಮುದ್ರೆ ಕಂಪನಿಯದು, ಸ್ಟಾಂಪೂ ಕಂಪನಿಯದು. ದೇಶದ ಒಳಗೆ ಕಾಗದ ಹಾಕುವವರು ಸರ್ಕಾರದ ಸ್ಟಾಂಪ್ ಒಂದು, ಸ್ಕಾಡ್ಟಾ ಸ್ಟಾಂಪ್ ಒಂದು ಅಂಟಿಸಬೇಕಿತ್ತು. ಮೊದಲನೆಯದು ಅಂಚೆ ದರ, ಎರಡನೆಯದು ಹಾರಿಸುವ ದರ. ಅಂಚೆಯಲ್ಲಿ ಕೆಲಸ ಮಾಡಿದ ನನಗೆ ಇದು ಬಹಳ ಸೊಗಸಾಗಿ ಕಾಣುತ್ತದೆ. ಯಾವ ಹಣ ಯಾವ ಕೆಲಸಕ್ಕೆ ಅಂತ ಲಕೋಟೆಯ ಮುಖದಲ್ಲೇ ಬರೆದ ಹಾಗಿದೆ.

ಹೊರದೇಶದಿಂದ ಬರೆಯುವವರು ಏನು ಮಾಡಬೇಕು? ಹ್ಯಾಂಬರ್ಗಿನ ವ್ಯಾಪಾರಿಗೆ ತನ್ನ ಕಾಗದ ಬರಾಂಕಿಯಾದಿಂದ ಮುಂದೆ ಹಾರಲಿ ಎಂಬ ಆಸೆ. ಅದಕ್ಕೆ ಅವನು ತನ್ನ ಊರಿನಲ್ಲೇ ದುಡ್ಡು ಕಟ್ಟುವ ದಾರಿ ಬೇಕು. ಕಂಪನಿ ತನ್ನ ಸ್ಟಾಂಪನ್ನು ಹೊರದೇಶದ ಕೊಲಂಬಿಯಾ ಕಾನ್ಸಲ್ ಕಚೇರಿಗಳಲ್ಲಿ, ಏಜೆಂಟರ ಹತ್ತಿರ ಮಾರಾಟಕ್ಕೆ ಇಟ್ಟಿತು. ಅವನು ಅಲ್ಲಿ ಕೊಂಡು, ಲಕೋಟೆಗೆ ಅಂಟಿಸಿ, ಪಕ್ಕದಲ್ಲಿ ಜರ್ಮನಿಯ ಸ್ಟಾಂಪ್ ಹಚ್ಚಿ ಮಾಮೂಲಿ ಪೆಟ್ಟಿಗೆಗೆ ಹಾಕಿದ. ಜರ್ಮನಿಯ ಅಂಚೆಯವರು ತಮ್ಮ ಸ್ಟಾಂಪಿಗೆ ಮಾತ್ರ ಮುದ್ರೆ ಒತ್ತಿದರು. ಸ್ಕಾಡ್ಟಾ ಸ್ಟಾಂಪಿಗೆ ಮುದ್ರೆ ಬಿದ್ದದ್ದು ಕೊಲಂಬಿಯಾ ತಲುಪಿದ ಮೇಲೆ. ನೀವು ನೋಡಿದ ಆ ಗುಂಡು ಮುದ್ರೆ ಅದೇ.

‘ಎ’ ಅಂದರೆ ಅಲೆಮಾನಿಯಾ. ಸ್ಪಾನಿಷ್ ಮಾತಿನಲ್ಲಿ ಜರ್ಮನಿಯ ಹೆಸರು ಅದು. ಅಮೆರಿಕದಲ್ಲಿ ಮಾರಿದ್ದಕ್ಕೆ ‘ಇಯು’, ಬ್ರಿಟನ್ನಿನಲ್ಲಿ ಮಾರಿದ್ದಕ್ಕೆ ‘ಜಿಬಿ’, ಫ್ರಾನ್ಸಿಗೆ ‘ಎಫ್’, ಹಾಲೆಂಡಿಗೆ ‘ಹೆಚ್’. ಹೀಗೆ ಇಪ್ಪತ್ತರ ಹತ್ತಿರ ದೇಶಗಳಿವೆ. ಮೊದಲು ರಬ್ಬರ್ ಠಸ್ಸೆಯಲ್ಲಿ ಕೈಯಿಂದ ಒತ್ತುತ್ತಿದ್ದರು, 1923ರಿಂದ ಅಚ್ಚುಯಂತ್ರದಲ್ಲಿ.

ಅಕ್ಷರ ಯಾಕೆ ಬೇಕಾಯಿತು? ಹಣದ ಬೆಲೆ. 1923ರಲ್ಲಿ ಜರ್ಮನಿಯ ಮಾರ್ಕ್ ಗಂಟೆಗಂಟೆಗೂ ಕುಸಿಯುತ್ತಿತ್ತು. ಬೆಳಿಗ್ಗೆ ಒಂದು ದರದಲ್ಲಿ ಮಾರ್ಕ್ ಕೊಟ್ಟು ಸ್ಟಾಂಪ್ ಕೊಂಡವನು ಅದನ್ನು ಬೇರೆ ದೇಶಕ್ಕೆ ಕಳಿಸಿ ಲಾಭ ಮಾಡಿಕೊಳ್ಳಬಹುದಿತ್ತು. ಅಕ್ಷರ ಒತ್ತಿಬಿಟ್ಟರೆ ಆ ಸ್ಟಾಂಪ್ ಆ ದೇಶದಿಂದ ಹೊರಡುವ ಕಾಗದಕ್ಕೆ ಮಾತ್ರ. 1929ರಲ್ಲಿ ಹೊರದೇಶಗಳಿಗೆಲ್ಲ ಚಿನ್ನದ ಲೆಕ್ಕದ ಬೆಲೆಯ ಸ್ಟಾಂಪ್ ಬಂದ ಮೇಲೆ ಈ ಅಕ್ಷರಗಳ ಕೆಲಸ ಮುಗಿಯಿತು. 1932ಕ್ಕೆ ವಿಮಾನ ಅಂಚೆಯ ಸ್ಟಾಂಪನ್ನು ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಕಂಪನಿಯ ಬಳಿ ಉಳಿದಿದ್ದ ಸ್ಟಾಂಪುಗಳ ಮೇಲೆ ‘ಕೊರ್ರೆಯೊ ಅಯೆರೆಯೊ’, ಅಂದರೆ ವಿಮಾನ ಅಂಚೆ, ಅಂತ ಒತ್ತಿ ಬಳಸಿದರು.

ಒಂದು ಎಚ್ಚರಿಕೆ. ಅಪರೂಪದ ಅಕ್ಷರಗಳಿಗೆ ಬೆಲೆ ಜಾಸ್ತಿ, ಅದಕ್ಕೆ ನಕಲಿ ಠಸ್ಸೆಗಳೂ ಇವೆ. ‘ಎ’ ಅಷ್ಟು ಅಪರೂಪ ಅಲ್ಲ, ಹೆದರಬೇಡಿ. ಆದರೆ ಲಕೋಟೆಯ ಹಿಂಬದಿ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ದಯವಿಟ್ಟು ತಿರುಗಿಸಿ ನೋಡಿ. ಸ್ಕಾಡ್ಟಾದವರು ಕಾಗದ ಬಂದ ದಿನ, ಮುಟ್ಟಿದ ದಿನ ಹಿಂದುಗಡೆ ಒತ್ತುತ್ತಿದ್ದರು. ನನಗೆ ಮುಂಬದಿಗಿಂತ ಅದೇ ಮುಖ್ಯ.

ಹಳೇಲಕೋಟೆ:

ಅಮ್ಮ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಲಕೋಟೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಆಲ್ಬಂಗೆ ಸೇರಿಸಿಬಿಟ್ಟಿದ್ದೆ. ಹಿಂದುಗಡೆ ಏನೋ ಮಸುಕಾದ ಮುದ್ರೆಗಳಿವೆ. ಹಗಲು ಬೆಳಕಿನಲ್ಲಿ ನಿಧಾನವಾಗಿ ತೆಗೆದು ನೋಡಿ ಬರೆಯುತ್ತೇನೆ.

ಒಂದು ಅನುಮಾನ. ವಿಮಾನ ಬೊಗೊಟಾಕ್ಕೇ ಯಾಕೆ ಹೋಗಲಿಲ್ಲ? ಹಿರಾರ್ದೋದಲ್ಲಿ ಇಳಿದು ರೈಲು ಹತ್ತುವ ಕಷ್ಟ ಯಾಕೆ?

ತಗಡುರೆಕ್ಕೆ ಬರೆದದ್ದು:

ಈ ಪ್ರಶ್ನೆಗೆ ನಾನು ಉತ್ತರಿಸಬಹುದಾ ಮೇಡಂ? ನಾನು ವಿಮಾನ ಎಂಜಿನ್ ರಿಪೇರಿ ಕೆಲಸದವನು. ಹಳೆಯ ಯುಂಕರ್ಸ್ ಎಂದರೆ ನನಗೆ ತುಂಬಾ ಪ್ರೀತಿ.

ಎತ್ತರವೇ ಕಾರಣ. ಹಿರಾರ್ದೋ ಇರುವುದು ಸಮುದ್ರಮಟ್ಟದಿಂದ 300 ಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ. ಬೊಗೊಟಾ 2,600. ಅಲ್ಲಿ ಗಾಳಿ ತೆಳು. ಎಂಜಿನ್ನಿಗೆ ಉಸಿರು ಕಡಿಮೆ, ರೆಕ್ಕೆಗೆ ಹಿಡಿತ ಕಡಿಮೆ. 1920ರ ಹೊತ್ತಿನ ಎಫ್13ಗೆ ಇದ್ದದ್ದು 160ರಿಂದ 185 ಅಶ್ವಶಕ್ತಿಯ ಒಂದೇ ಎಂಜಿನ್. ಅದರ ಮೇಲೆ ಎರಡು ಫ್ಲೋಟಿನ ಭಾರ. ಹೋಗಲಿ, ಕಷ್ಟಪಟ್ಟು ಏರಿತು ಅಂತಲೇ ಇಟ್ಟುಕೊಳ್ಳಿ. ಇಳಿಯಲು ಮಗ್ದಲೆನಾದಂಥ ಅಗಲವಾದ ನೀರು ಮೇಲೆ ಎಲ್ಲಿದೆ? ಹಾಗಾಗಿ ನದಿ ಎಲ್ಲಿಯವರೆಗೋ ವಿಮಾನ ಅಲ್ಲಿಯವರೆಗೆ.

ಎಫ್13 ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಅದು ಮೊದಲು ಹಾರಿದ್ದು 1919ರ ಜೂನ್ 25ರಂದು, ಜರ್ಮನಿಯ ದೆಸ್ಸೌನಲ್ಲಿ. ಆಗಿನ ಬಹುತೇಕ ವಿಮಾನಗಳು ಮರ, ಬಟ್ಟೆ, ತಂತಿ. ಹ್ಯೂಗೊ ಯುಂಕರ್ಸ್ ಮಾಡಿದ ಇದು ಪೂರ್ತಿ ಡ್ಯುರಾಲುಮಿನ್ ಎಂಬ ಲೋಹದ್ದು. ಮೈಯೆಲ್ಲ ಅಲೆ ಅಲೆಯಾದ ತಗಡು. ರೆಕ್ಕೆಗೆ ಹೊರಗಿನಿಂದ ಒಂದು ತಂತಿಯ ಆಸರೆಯೂ ಇಲ್ಲ. ಒಳಗೆ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕೂರಬಹುದು. ಪೈಲಟ್ ಮತ್ತು ಮೆಕ್ಯಾನಿಕ್ ಮಾತ್ರ ಮುಂದೆ ಗಾಳಿಗೆ ಮುಖ ಕೊಟ್ಟು ಕೂರಬೇಕು.

ಮಗ್ದಲೆನಾ ಕಣಿವೆಯ ಸೆಕೆ, ಮಳೆ, ತೇವ ನೆನಪಿಸಿಕೊಳ್ಳಿ. ಮರ ಅಲ್ಲಿ ಉಬ್ಬುತ್ತದೆ, ಅಂಟು ಬಿಡುತ್ತದೆ, ಬಟ್ಟೆ ಸಡಿಲ ಬೀಳುತ್ತದೆ. ಅದೇ ಕಾಲಕ್ಕೆ ಕೊಲಂಬಿಯಾದಲ್ಲಿ ಇನ್ನೊಂದು ಕಂಪನಿಯೂ ಶುರುವಾಗಿತ್ತು, ಕೊಂಪಾನಿಯಾ ಕೊಲೊಂಬಿಯಾನಾ ದೆ ನವೆಗಾಸಿಯೊನ್ ಅಯೆರೆಯಾ. ಅವರು ಫ್ರಾನ್ಸಿನ ಫಾರ್ಮನ್ ವಿಮಾನ ತಂದರು, ಮರ ಮತ್ತು ಬಟ್ಟೆಯವು. ಕೆಲವೇ ವರ್ಷದಲ್ಲಿ ಬಾಗಿಲು ಹಾಕಬೇಕಾಯಿತು. ತಗಡು ಒಂದೇ ಸ್ಕಾಡ್ಟಾವನ್ನು ಉಳಿಸಿತು ಅಂತ ಹೇಳಲಾರೆ, ಆದರೆ ತಗಡು ಇಲ್ಲದೆ ಉಳಿಯುತ್ತಿರಲಿಲ್ಲ.

ತೊಂದರೆ ಅವರಿಗೂ ಇತ್ತು. ನೀರು ಹರಿಸಿ ತಣಿಸುವ ಎಂಜಿನ್, ಹೊರಗೆ ಕುದಿಯುವ ಬಿಸಿಲು. ಜರ್ಮನಿಯ ಚಳಿಗೆ ಮಾಡಿದ ರೇಡಿಯೇಟರ್ ಅಲ್ಲಿಗೆ ಸಾಲುವುದಿಲ್ಲ. ಫ್ಲೋಟ್ ವಿಮಾನದ ಇನ್ನೊಂದು ಕಷ್ಟ ನೀರಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಗಾಳಿ ಇಲ್ಲದೆ ನೀರು ಕನ್ನಡಿಯ ಹಾಗೆ ನಿಂತಿದ್ದರೆ ಫ್ಲೋಟು ಅದಕ್ಕೆ ಅಂಟಿಕೊಂಡು ಬಿಡುವುದೇ ಇಲ್ಲ. ಸಣ್ಣ ಅಲೆ ಇದ್ದರೆ ಬೇಗ ಏಳುತ್ತದೆ. ತೇಲಿ ಬರುವ ಮರದ ದಿಮ್ಮಿಗಳ ಭಯ ಬೇರೆ. ನೀರಿನ ಬಣ್ಣ ಕಂದು, ದಿಮ್ಮಿ ಅರ್ಧ ಮುಳುಗಿರುತ್ತದೆ. ಪೈಲಟ್ ಇಳಿಯುವಾಗ ಆ ಕಂದು ನೀರನ್ನೇ ದಿಟ್ಟಿಸಬೇಕು.

ಒಂದು ದೊಡ್ಡ ಅನುಕೂಲವೂ ಇತ್ತು. ದಾರಿ ತಪ್ಪುವ ಮಾತಿಲ್ಲ, ನದಿ ನೋಡಿಕೊಂಡು ಹೋದರೆ ಸಾಕು. ಎಂಜಿನ್ ಕೆಟ್ಟರೆ ಕೆಳಗೆ ಸಾವಿರ ಕಿಲೋಮೀಟರ್ ಉದ್ದದ ಇಳಿದಾಣ ಇದೆ. ದಾರಿಯಲ್ಲಿ ಎಲ್ ಬಾಂಕೊ, ಬರಾಂಕಾಬೆರ್ಮೆಹಾ, ಪುಯೆರ್ತೊ ಬೆರ್ರಿಯೊ ಇಂಥ ಊರುಗಳಲ್ಲಿ ಇಳಿದು ಹೋಗಬಹುದು. ಮೆದೆಯಿನ್ ಊರಿನ ಕಾಗದ ಪುಯೆರ್ತೊ ಬೆರ್ರಿಯೊದಲ್ಲಿ ಇಳಿದು ಅಲ್ಲಿಂದ ರೈಲಿಗೆ. ಈ ಊರುಗಳಿಗೆ ಪೆಟ್ರೋಲ್ ಹೇಗೆ ಬರಬೇಕು? ನದಿಯ ಮೇಲೆಯೇ. ಬೇರೆ ದಾರಿ ಇದ್ದರೆ ವಿಮಾನವೇ ಬೇಕಿರಲಿಲ್ಲವಲ್ಲ.

ಸಾರ್ಟರಮ್ಮ:

ತಗಡುರೆಕ್ಕೆಯವರೇ, ತುಂಬಾ ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ನಾಲ್ಕು ಸೀಟು ಅಂದಿರಲ್ಲ, ಅದೇ ನನ್ನ ಮಾತಿನ ಆಧಾರ. ನಾಲ್ಕು ಜನರ ಟಿಕೆಟ್ಟಿನಿಂದ ಒಂದು ಕಂಪನಿ ಎಷ್ಟು ಗಳಿಸಬಹುದು? ಒಬ್ಬ ಮನುಷ್ಯನ ತೂಕಕ್ಕೆ ಸಾವಿರಾರು ಕಾಗದ ಹಿಡಿಯುತ್ತವೆ. ಪ್ರತಿ ಕಾಗದಕ್ಕೂ ಅದರದೇ ಸ್ಟಾಂಪ್, ದುಡ್ಡು ಮೊದಲೇ ಬಂದಿರುತ್ತದೆ. ಕಾಗದ ಊಟ ಕೇಳುವುದಿಲ್ಲ, ಮಳೆ ಬಂದು ಎರಡು ಗಂಟೆ ಕಾಯಬೇಕಾದರೆ ಗೊಣಗುವುದಿಲ್ಲ.

ಬೆಲೆ ತೆತ್ತವರೂ ಇದ್ದಾರೆ. 1924ರ ಜೂನ್ 8ರಂದು ‘ಟೊಲಿಮಾ’ ಎಂಬ ಹೆಸರಿನ ಎಫ್13 ಬರಾಂಕಿಯಾದಲ್ಲಿ ಬಿದ್ದುಹೋಯಿತು. ಅದರಲ್ಲಿ ಅಧ್ಯಕ್ಷ ಕೊರ್ಟಿಸೊಸ್ ಇದ್ದರು, ಕಂಪನಿಯ ಮೊದಲ ಪೈಲಟ್‌ಗಳಲ್ಲಿ ಒಬ್ಬರಾದ ಹೆಲ್ಮುತ್ ಫಾನ್ ಕ್ರೋನ್ ಇದ್ದರು. ಯಾರೂ ಉಳಿಯಲಿಲ್ಲ. ಇವತ್ತಿಗೂ ಬರಾಂಕಿಯಾ ವಿಮಾನ ನಿಲ್ದಾಣಕ್ಕೆ ಕೊರ್ಟಿಸೊಸ್ ಹೆಸರಿದೆ. ನಿಮ್ಮ ಲಕೋಟೆ ಹಾರಿದ್ದು ಆ ಅಪಘಾತಕ್ಕಿಂತ ಎರಡು ತಿಂಗಳ ಮೊದಲಿನ ಮಾತು. ಆ ಜನ ಇನ್ನೂ ಇದ್ದಾಗಿನದು. ಅದನ್ನು ನೆನೆದರೆ ನನಗೆ ಲಕೋಟೆ ಮುಟ್ಟುವಾಗ ಕೈ ತಾನೇ ಮೆತ್ತಗಾಗುತ್ತದೆ.

ನಕ್ಷೆಗಾರ ಬರೆದದ್ದು:

ಚರ್ಚೆ ಓದಿ ಸುಮ್ನೆ ಹೋಗಲು ಆಗಲಿಲ್ಲ. ಸ್ಕಾಡ್ಟಾ ಕಥೆ ನದಿಗೆ ಮುಗಿಯುವುದಿಲ್ಲ. ಕಂಪನಿಗೆ ಹಣ ತಂದು ನಿಲ್ಲಿಸಿದ ಪೀಟರ್ ಪೌಲ್ ಫಾನ್ ಬಾವರ್ ಎಂಬ ಆಸ್ಟ್ರಿಯಾದವನಿಗೆ ಅಮೆರಿಕದವರೆಗೆ ಅಂಚೆ ಹಾರಿಸುವ ಕನಸಿತ್ತು. 1925ರಲ್ಲಿ ‘ಅಟ್ಲಾಂಟಿಕೊ’ ಮತ್ತು ‘ಪಸಿಫಿಕೊ’ ಎಂಬ ಎರಡು ಡೋರ್ನಿಯರ್ ವಾಲ್ ಹಾರುದೋಣಿಗಳು ಬರಾಂಕಿಯಾದಿಂದ ಹೊರಟು ಮಧ್ಯ ಅಮೆರಿಕದ ಕರಾವಳಿ ಹಿಡಿದು ಉತ್ತರಕ್ಕೆ ಹೋದವು. ಅಂಚೆ ಸೇವೆಗೆ ಅಮೆರಿಕ ಒಪ್ಪಲಿಲ್ಲ. ಮೊದಲ ಮಹಾಯುದ್ಧ ಮುಗಿದು ಏಳು ವರ್ಷ ಆಗಿತ್ತಷ್ಟೆ. ಪನಾಮಾ ಕಾಲುವೆಯ ಹತ್ತಿರ ಜರ್ಮನ್ ಪೈಲಟ್‌ಗಳು ಓಡಾಡುವುದು ಅಲ್ಲಿನ ಸೇನೆಯವರಿಗೆ ಹಿಡಿಸಲಿಲ್ಲ. ಅದಕ್ಕೆ ಉತ್ತರವಾಗಿ ಅಮೆರಿಕದ್ದೇ ಒಂದು ಕಂಪನಿ ಬೇಕು ಎಂಬ ಯೋಚನೆ ಬಲವಾಯಿತು. 1927ರಲ್ಲಿ ಹುಟ್ಟಿದ ಪ್ಯಾನ್ ಆಮ್ ಹಿಂದೆ ಈ ಭಯವೂ ಇದೆ. ಇನ್ನೊಂದು ವಿಚಿತ್ರ ನೋಡಿ. ಆ ‘ಅಟ್ಲಾಂಟಿಕೊ’ ವಿಮಾನವೇ ಮುಂದೆ ಬ್ರೆಜಿಲಿಗೆ ಹೋಗಿ 1927ರಲ್ಲಿ ವರಿಗ್ ಕಂಪನಿಯ ಮೊದಲ ವಿಮಾನ ಆಯಿತು.

ಕೊನೆಗೆ ಪ್ಯಾನ್ ಆಮ್ ಏನು ಮಾಡಿತು? 1931ರ ಹೊತ್ತಿಗೆ ಫಾನ್ ಬಾವರ್ ಹತ್ತಿರ ಇದ್ದ ಷೇರುಗಳನ್ನು ಗುಟ್ಟಾಗಿ ಕೊಂಡುಕೊಂಡಿತು. ಹೊರಗೆ ನೋಡುವವರಿಗೆ ಅದು ಜರ್ಮನ್ ಕಂಪನಿ, ಒಳಗೆ ಮಾಲೀಕರು ಅಮೆರಿಕದವರು. ಪೈಲಟ್, ಮೆಕ್ಯಾನಿಕ್ ಎಲ್ಲ ಹಾಗೇ ಮುಂದುವರಿದರು. 1932ರಲ್ಲಿ ಲೆಟಿಸಿಯಾ ಊರಿಗಾಗಿ ಪೆರು ಜೊತೆ ಯುದ್ಧ ಆದಾಗ ಅದೇ ಜರ್ಮನ್ ಪೈಲಟ್‌ಗಳು ಕೊಲಂಬಿಯಾ ಪರವಾಗಿ ಹಾರಿದರು. ದೇಶದ ಬಹಳಷ್ಟು ಭಾಗದ ಫೋಟೊಗಳನ್ನು ಮೇಲಿನಿಂದ ತೆಗೆದು ನಕ್ಷೆ ಮಾಡಿದ್ದೂ ಸ್ಕಾಡ್ಟಾದವರೇ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಕೆಲಸದಿಂದ.

1940ರ ಜೂನ್‌ನಲ್ಲಿ ಎಲ್ಲ ಮುಗಿಯಿತು. ಯುರೋಪಿನಲ್ಲಿ ಯುದ್ಧ, ಅಮೆರಿಕದ ಒತ್ತಡ. ಜರ್ಮನ್ ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆದು ಅವರ ಜಾಗಕ್ಕೆ ಬೇರೆಯವರನ್ನು ತಂದರು. ಇಪ್ಪತ್ತು ವರ್ಷ ಆ ನದಿಯ ಮೇಲೆ ದುಡಿದವರೂ ಅದರಲ್ಲಿ ಇದ್ದರು. ಜೂನ್ 14ರಂದು ಸ್ಕಾಡ್ಟಾ ಮತ್ತು ಸಾಕೊ ಎಂಬ ಇನ್ನೊಂದು ಕಂಪನಿ ಸೇರಿ ಅವಿಯಾಂಕಾ ಆಯಿತು. ಅವಿಯಾಂಕಾ ಈಗಲೂ ತನ್ನ ಹುಟ್ಟಿದ ದಿನ ಅಂತ ಎಣಿಸುವುದು 1919ರ ಡಿಸೆಂಬರ್ 5ನ್ನೇ. ಹಾಲೆಂಡಿನ ಕೆಎಲ್‌ಎಂ ಅದಕ್ಕಿಂತ ಎರಡು ತಿಂಗಳು ಹಿರಿದು, ಅಷ್ಟೆ.

ಹಳೇಲಕೋಟೆ:

ಟ್ಯಾಂಗೊ ಹಾಡುಗಾರ ಕಾರ್ಲೊಸ್ ಗಾರ್ಡೆಲ್ ಸತ್ತದ್ದು ಸ್ಕಾಡ್ಟಾ ವಿಮಾನದಲ್ಲಿ ಅಂತ ಎಲ್ಲೋ ಓದಿದ ನೆನಪು. ಸರೀನಾ?

ನಕ್ಷೆಗಾರ:

ಇಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. 1935ರ ಜೂನ್ 24ರಂದು ಮೆದೆಯಿನ್‌ನಲ್ಲಿ ಗಾರ್ಡೆಲ್ ಹತ್ತಿದ್ದು ಸಾಕೊ ಕಂಪನಿಯ ಫೋರ್ಡ್ ಟ್ರೈಮೋಟರ್. ಅದು ನೆಲ ಬಿಡಲು ಓಡುವಾಗ ಪಕ್ಕಕ್ಕೆ ಎಳೆದು, ಸರದಿಗೆ ಕಾಯುತ್ತಿದ್ದ ಸ್ಕಾಡ್ಟಾದ ‘ಮನಿಸಾಲೆಸ್’ ಎಂಬ ಇನ್ನೊಂದು ಟ್ರೈಮೋಟರಿಗೆ ಗುದ್ದಿತು. ಎರಡೂ ಸುಟ್ಟವು. ಸಾಕೊ ಸ್ಥಾಪಿಸಿದ ಎರ್ನೆಸ್ಟೊ ಸಾಂಪರ್ ಮೆಂದೊಸಾ ಅವರೇ ಆ ವಿಮಾನ ನಡೆಸುತ್ತಿದ್ದರು, ಅವರೂ ಹೋದರು. ಐದು ವರ್ಷದ ನಂತರ ಅವೇ ಎರಡು ಕಂಪನಿ ಒಂದಾದವು ಅನ್ನುವುದನ್ನು ಓದಿದಾಗ ಸಂಕಟವಾಗುತ್ತದೆ.

ಹಳೇಲಕೋಟೆ:

ಇವತ್ತು ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಲಕೋಟೆಯ ಹಿಂಬದಿ ನೋಡಿದೆ. ಭೂತಗನ್ನಡಿ ಬೇಕಾಯಿತು.

ಎರಡು ಮುದ್ರೆ ಇವೆ. ಎರಡರಲ್ಲೂ ಸ್ಕಾಡ್ಟಾ ಅಂತ ಇದೆ. ಮೊದಲನೆಯದು ಬರಾಂಕಿಯಾ, 29 ಮಾರ್ಚ್ 1924. ಎರಡನೆಯದು ಬೊಗೊಟಾ. ಅದರ ತಾರೀಖು ಅರ್ಧ ಅಳಿಸಿದೆ. ಮೊದಲ ಅಂಕಿ 3, ಎರಡನೆಯದು 0 ಅಥವಾ 1.

ಸಾರ್ಟರಮ್ಮ:

ಎರಡನೆಯ ಅಂಕಿಯ ಎಡಗಡೆ ಬಾಗು ಕಾಣುತ್ತದಾ, ಅಥವಾ ನೆಟ್ಟಗಿನ ಗೆರೆಯಾ?

ಹಳೇಲಕೋಟೆ:

ನೆಟ್ಟಗಿನ ಗೆರೆ. ಕೆಳಗೆ ಸಣ್ಣ ಪಾದ ಇದೆ.

ಸಾರ್ಟರಮ್ಮ:

ಹಾಗಾದರೆ 31. ಹ್ಯಾಂಬರ್ಗಿನಿಂದ ಬರಾಂಕಿಯಾಕ್ಕೆ ಹಡಗಿನಲ್ಲಿ 25 ದಿನ. ಬರಾಂಕಿಯಾದಿಂದ ಬೊಗೊಟಾಕ್ಕೆ ಎರಡು ದಿನ. ಒಂದು ದಿನ ವಿಮಾನದಲ್ಲಿ ಹಿರಾರ್ದೋವರೆಗೆ, ಮರುದಿನ ರೈಲಿನಲ್ಲಿ ಬೆಟ್ಟದ ಮೇಲೆ. ಮಾರ್ಚ್ ಅಂದರೆ ಆ ನದಿಯಲ್ಲಿ ನೀರು ಇಳಿದಿರುವ ಕಾಲ. ನಿಮ್ಮ ಕಾಗದ ಹಾರುವಾಗ ಕೆಳಗೆ ಯಾವುದಾದರೂ ಸ್ಟೀಮರ್ ಮರಳಿನಲ್ಲಿ ಸಿಕ್ಕಿಕೊಂಡು ನಿಂತಿದ್ದಿರಬಹುದು, ಅದರಲ್ಲಿ ಅಂಚೆ ಚೀಲಗಳೂ ಇದ್ದಿರಬಹುದು.

ಲಕೋಟೆಯನ್ನು ಆ ಪ್ಲಾಸ್ಟಿಕ್ ಹಾಳೆಗೆ ಮತ್ತೆ ಹಾಕಬೇಡಿ. ಕೆಲವು ಪ್ಲಾಸ್ಟಿಕ್ ಕಾಲಕ್ರಮೇಣ ಶಾಯಿಯನ್ನು ಎಳೆದುಕೊಳ್ಳುತ್ತದೆ. ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ ಇಡಿ. ಹಿಂಬದಿ ಮೇಲೆ ಇರಲಿ.